ನಾಲ್ವರಲ್ಲಿ ಒಬ್ಬ ಬಾಕಿಯಾದರೆ ಉಳಿದವರು ಏನು ಮಾಡಬೇಕು?

ಪ್ರಶ್ನೆ: ನಾವು ನಾಲ್ವರು ಗೆಳೆಯರು. ಇಬ್ಬರು ಕಾಸರಗೋಡು ಕಡೆಯ ಬದಿಯಡ್ಕದಲ್ಲೇ ಇರುವವರು, ಇಬ್ಬರು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇವೆ. ಬರುವ ರಜೆಯಲ್ಲಿ ಬ್ಯಾಗು ಬೆನ್ನಿಗೆ ಹಾಕಿಕೊಂಡು ಬ್ಯಾಂಕಾಕ್, ಅಲ್ಲಿಂದ ಮಲೇಷ್ಯಾ ಎಂದು ಹೊರಟಿದ್ದೇವೆ. ಹೊರದೇಶ ನಾಲ್ವರಿಗೂ ಹೊಸತು. ದಾರಿಯಲ್ಲಿ ಒಬ್ಬ ಬಾಕಿಯಾದರೆ ಉಳಿದವರು ಮುಂದೆ ಹೋಗುವುದಾ, ಅವನಿಗಾಗಿ ನಿಲ್ಲುವುದಾ? ಮನೆಯಲ್ಲಿ ಹೇಳುವುದಾ, ಬೇಡವಾ?

ಉತ್ತರ: ಗುಂಪು ಕಟ್ಟಿಕೊಂಡು ಹೊರಡುವವರೆಲ್ಲ ಕೇಳುವ ಪ್ರಶ್ನೆ ಇದು. ಎಲ್ಲಿ ಬಾಕಿಯಾದ ಎಂದು ನೋಡಿಕೊಂಡು ಉತ್ತರ ಹೇಳಬೇಕು. ರೈಲಿನ ಬಾಗಿಲಲ್ಲಿ ಬಾಕಿಯಾದರೆ ಉಳಿದವರು ನಿಲ್ಲಬೇಕು. ವಿಮಾನದ ಕೌಂಟರಿನಲ್ಲಿ ಬಾಕಿಯಾದರೆ ಹೋಗಬೇಕು. ಪಾಸ್‌ಪೋರ್ಟ್ ಕಳೆದುಕೊಂಡು ಬಾಕಿಯಾದರೆ ಒಬ್ಬ ಜೊತೆಗೆ ನಿಂತು ಇಬ್ಬರು ಹೋಗಬೇಕು. ಹೊರಡುವ ಮೊದಲೇ ನಾಲ್ವರೂ ಕೂತು ಇದನ್ನು ಒಪ್ಪಿಕೊಂಡಿರಬೇಕು. ಆ ಹೊತ್ತಿಗೆ ಚರ್ಚೆ ಶುರುವಾದರೆ ವಿಮಾನವೂ ತಪ್ಪುತ್ತದೆ, ಮುಖವೂ ಊದಿಕೊಳ್ಳುತ್ತದೆ.

ನಿಮ್ಮ ಪ್ರಶ್ನೆ ಓದುವಾಗಲೇ ನನಗೆ ಬೇರೊಂದು ಚಿಂತೆ ಹತ್ತಿತು. ಇಬ್ಬರು ಊರಿನಿಂದ, ಇಬ್ಬರು ಬೆಂಗಳೂರಿನಿಂದ ಎಂದ ಮೇಲೆ ಟಿಕೇಟು ಎರಡು ಕಡೆ ಮಾಡಿಸಿರುತ್ತೀರಿ. ಮಂಗಳೂರು ನಮಗೆ ಹತ್ತಿರ, ಆದರೆ ಅಲ್ಲಿಂದ ಹೊರದೇಶಕ್ಕೆ ಹಾರುವವು ಹೆಚ್ಚಾಗಿ ಗಲ್ಫಿನ ವಿಮಾನಗಳು. ಹಾಗಾಗಿ ಊರಿನವರು ಕೊಚ್ಚಿಗೆ ಹೋಗುತ್ತೀರಿ. ಈಗ ಟಿಕೇಟು ತೆಗೆದು ನೋಡಿ. ಬ್ಯಾಂಕಾಕಿನಲ್ಲಿ ವಿಮಾನ ನಿಲ್ದಾಣ ಎರಡಿವೆ. ಬಿಕೆಕೆ ಎಂದು ಬರೆದಿದ್ದರೆ ಸುವರ್ಣಭೂಮಿ, ಡಿಎಂಕೆ ಎಂದಿದ್ದರೆ ದೊನ್ ಮುಯಾಂಗ್. ಏರ್‌ಏಷ್ಯಾ ಇಳಿಯುವುದು ದೊನ್ ಮುಯಾಂಗಿನಲ್ಲಿ, ಇಂಡಿಗೋ ಮತ್ತು ಥಾಯ್ ಏರ್‌ವೇಸ್ ಸುವರ್ಣಭೂಮಿಯಲ್ಲಿ. ಟ್ರಾಫಿಕ್ ಇದ್ದರೆ ಒಂದರಿಂದ ಇನ್ನೊಂದಕ್ಕೆ ಗಂಟೆಗೂ ಮೀರಿದ ದಾರಿ. "ನಾವು ಗೇಟಿನ ಹೊರಗೇ ಇದ್ದೇವೆ ಮಾರಾಯ, ನೀವು ಎಲ್ಲಿದ್ದೀರಿ?" ಎಂದು ಎರಡೂ ಕಡೆಯವರು ಫೋನಿನಲ್ಲಿ ಕೇಳುತ್ತಾ, ಕಾಣದ ಗೆಳೆಯರಿಗೆ ಕೈ ಬೀಸುತ್ತಾ ನಿಂತುಬಿಡುತ್ತಾರೆ. ಏರ್‌ಪೋರ್ಟಿನಲ್ಲಿ ಸೇರುವ ಮಾತೇ ಬೇಡ. ಉಳಿದುಕೊಳ್ಳುವ ಹಾಸ್ಟೆಲಿನಲ್ಲೇ ಸೇರಿ. ಕ್ವಾಲಾಲಂಪುರದಲ್ಲೂ ಟರ್ಮಿನಲ್ ಎರಡಿವೆ, ಏರ್‌ಏಷ್ಯಾ ಎರಡನೆಯದರಲ್ಲಿ. ಅಲ್ಲಿ ತಪ್ಪಿದರೆ ಹೆದರಬೇಕಾಗಿಲ್ಲ, ನಡುವೆ ರೈಲು ಇದೆ, ನಾಲ್ಕೈದು ನಿಮಿಷದ ದಾರಿ.

ಇನ್ನು ರೈಲಿನಲ್ಲಿ ಬಾಕಿಯಾಗುವುದು. ಬ್ಯಾಂಕಾಕಿನ ಸಿಯಾಂ ಸ್ಟೇಷನಿನಲ್ಲಿ ಸುಖುಮ್ವಿತ್ ಮತ್ತು ಸಿಲೋಮ್ ಲೈನುಗಳ ರೈಲು ಒಂದೇ ಪ್ಲಾಟ್‌ಫಾರ್ಮಿನ ಆಚೆ ಈಚೆ ಬಂದು ನಿಲ್ಲುತ್ತವೆ. ಬದಲಾಯಿಸುವುದು ಬಹಳ ಸುಲಭ, ತಪ್ಪಿ ಹತ್ತುವುದೂ ಅಷ್ಟೇ ಸುಲಭ. ಪೆರ್ಲ ಕಡೆಯ ಹುಡುಗರ ಗುಂಪೊಂದಕ್ಕೆ ಅಲ್ಲಿ ಆದದ್ದನ್ನು ಕೇಳಿ. ಮೂವರು ಹತ್ತಿದರು, ನಾಲ್ಕನೆಯವನು ದೊಡ್ಡ ಬ್ಯಾಗು ಹೊತ್ತು ಅಡ್ಡಡ್ಡ ತಿರುಗಿ ನುಗ್ಗುವಷ್ಟರಲ್ಲಿ ಬಾಗಿಲು ಮುಚ್ಚಿತು. ಗಾಜಿನ ಒಳಗಿನಿಂದ ಇವರು "ಅಲ್ಪನೇ ಉಂತು" (ಅಲ್ಲೇ ನಿಲ್ಲು) ಎಂದು ತುಳುವಿನಲ್ಲಿ ಬೊಬ್ಬೆ ಹೊಡೆದರು. ಅವನಿಗೆ ಕಂಡದ್ದು ಬಾಯಿ ಅಲ್ಲಾಡುವುದು, ಕೈ ಆಡುವುದು ಮಾತ್ರ. ಬಾ ಎನ್ನುತ್ತಿದ್ದಾರೆ ಎಂದುಕೊಂಡು ಎದುರು ಬದಿಗೆ ಬಂದ ರೈಲು ಹತ್ತಿದ. ಅಷ್ಟರಲ್ಲಿ ಮೂವರಲ್ಲಿ ಒಬ್ಬ ಇಳಿದು ಅವನನ್ನು ಹುಡುಕಿಕೊಂಡು ಹಿಂದೆ ಬಂದ. ಡೇಟಾ ಇದ್ದ ಸಿಮ್ ಒಂದೇ, ಉಳಿದವರೆಲ್ಲ ಅದರ ಹಾಟ್‌ಸ್ಪಾಟ್ ನಂಬಿದವರು. ನಾಲ್ವರು ಮೂರು ಕಡೆ ಆದರು, ಫೋನು ಒಬ್ಬನದ್ದು ಬಿಟ್ಟರೆ ಯಾರದ್ದೂ ನಡೆಯದು. ಸಂಜೆ ಹಾಸ್ಟೆಲಿನ ಮೆಟ್ಟಿಲ ಮೇಲೆ ಒಬ್ಬೊಬ್ಬರಾಗಿ ಬಂದು ಸೇರಿದಾಗ ನಕ್ಕು ನಕ್ಕು ಸಾಕಾಯಿತಂತೆ.

ಕುಂಬಳೆ ಜಾತ್ರೆಯ ಬೆಡಿಯ (ಸಿಡಿಮದ್ದಿನ) ಜನಸಂದಣಿಯಲ್ಲಿ ಕೈತಪ್ಪಿದರೆ ಎಲ್ಲಿದ್ದೀಯೋ ಅಲ್ಲೇ ನಿಲ್ಲು ಎಂದು ಮನೆಯಲ್ಲಿ ಹೇಳಿ ಕಳಿಸುತ್ತಿದ್ದರಲ್ಲ, ಇಲ್ಲೂ ಅದೇ ನಿಯಮ. ಹೊರಗೆ ಉಳಿದವನು ಕದಲಬಾರದು. ಒಳಗಿದ್ದವರು ಮುಂದಿನ ಸ್ಟೇಷನಿನಲ್ಲಿ ಇಳಿದು, ಎಲ್ಲರೂ ಒಟ್ಟಿಗೆ ಹಿಂದೆ ಬರಬೇಕು. ಡೇಟಾ ಸಿಮ್ ಪ್ರತಿಯೊಬ್ಬನಿಗೂ ಬೇರೆ ಬೇರೆ ಇರಲಿ. ಊರಿನ ಸಿಮ್ ತೆಗೆದು ಪರ್ಸಿನಲ್ಲಿ ಇಟ್ಟುಬಿಡಬೇಡಿ, ಕಾರ್ಡ್ ಬಳಸುವಾಗ ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ. ಹಾಸ್ಟೆಲಿನ ಹೆಸರು, ವಿಳಾಸ ಥಾಯ್ ಲಿಪಿಯಲ್ಲಿ ಬರೆದ ಚೀಟಿ ನಾಲ್ವರ ಕಿಸೆಯಲ್ಲೂ ಬೇಕು. ಚಾರ್ಜು ಮುಗಿದ ಫೋನಿಗಿಂತ ಆ ಚೀಟಿ ದೊಡ್ಡದು.

ಕೌಂಟರಿನಲ್ಲಿ ಒಬ್ಬನನ್ನು ತಡೆದರೆ ಕಾರಣ ಹೆಚ್ಚಾಗಿ ಹೆಸರು ಅಥವಾ ಫಾರ್ಮು. ನಮ್ಮ ಕಡೆ ಮನೆತನದ ಹೆಸರು ಬರೆಯದೆ ಒಂದೇ ಹೆಸರಿನಲ್ಲಿ ಪಾಸ್‌ಪೋರ್ಟ್ ಮಾಡಿಸಿದವರು ತುಂಬಾ ಜನ. 2022ರ ನವೆಂಬರಿನಲ್ಲಿ ಯುಎಇ ಅಂಥವರ ವಿಸಿಟ್ ವೀಸಾಕ್ಕೆ ತಡೆ ಹಾಕಿದಾಗ ಗಲ್ಫಿಗೆ ಹೊರಟಿದ್ದವರು ಪಟ್ಟ ಪಾಡು ಕಾಸರಗೋಡಿನವರಿಗೆ ನೆನಪಿರಬಹುದು. ಟಿಕೇಟಿನಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಬೇಕು, ಇನಿಶಿಯಲ್ ಬಿಡಿಸಿ ಬರೆಯುವ ಚಾಲಾಕಿ ಬೇಡ. ಥಾಯ್ಲೆಂಡಿಗೆ 2025ರ ಮೇ 1ರಿಂದ ಡಿಜಿಟಲ್ ಅರೈವಲ್ ಕಾರ್ಡ್ ಕಡ್ಡಾಯ. ತಲಪುವ ಮೊದಲಿನ ಮೂರು ದಿನದೊಳಗೆ ಆನ್‌ಲೈನಿನಲ್ಲಿ ತುಂಬಬೇಕು. ಮಲೇಷ್ಯಾಕ್ಕೂ ಹಾಗೇ ಒಂದಿದೆ. ಸರಕಾರಿ ಸೈಟಿನಲ್ಲಿ ಎರಡಕ್ಕೂ ದುಡ್ಡಿಲ್ಲ, ದುಡ್ಡು ಕೇಳಿದರೆ ಆ ಸೈಟು ಬಿಟ್ಟುಬಿಡಿ. ಒಬ್ಬನೇ ಎಲ್ಲರದ್ದೂ ತುಂಬಿದರೆ ಒಬ್ಬನ ಪಾಸ್‌ಪೋರ್ಟ್ ನಂಬರು ಇನ್ನೊಬ್ಬನ ಹೆಸರಿನ ಮುಂದೆ ಕೂರುತ್ತದೆ. ಅವರವರದ್ದು ಅವರವರೇ ತುಂಬಲಿ.

ಕೊನೆಗೂ ಅವನನ್ನು ಬಿಡಲಿಲ್ಲ ಎಂದಾದರೆ ಉಳಿದವರು ಹೋಗಿ. ನಾಲ್ವರೂ ದುಡ್ಡು ಕಳೆದುಕೊಂಡು ಊರಿಗೆ ಮರಳಿದರೆ ಅವನ ಎದೆಯ ಭಾರ ಹೆಚ್ಚುತ್ತದೆ, ಅಷ್ಟೇ. ಆದರೆ ವಿಮಾನ ಹೊರಡುವ ಮೊದಲು ಅವನು ವಿಮಾನ ಕಂಪನಿಗೆ ತಿಳಿಸಲೇಬೇಕು. ಹೋಗುವ ವಿಮಾನಕ್ಕೆ ಹೇಳದೆ ತಪ್ಪಿಸಿಕೊಂಡರೆ ಅದೇ ಟಿಕೇಟಿನ ವಾಪಸು ಪ್ರಯಾಣವನ್ನೂ ರದ್ದು ಮಾಡುವ ಕಂಪನಿಗಳಿವೆ. ಮರುದಿನ ಹೊಸ ಟಿಕೇಟು ಮಾಡಿ ಬಂದು ಗುಂಪು ಸೇರಿದವನಿಗೆ ಇದು ಗೊತ್ತಾಗುವುದು ವಾಪಸು ಹೊರಟಾಗ. ಬ್ಯಾಗಿನ ವಿಷಯವೂ ಇದೆ. ಹತ್ತದವನ ಹೆಸರಿನ ಬ್ಯಾಗನ್ನು ವಿಮಾನದಿಂದ ಇಳಿಸುತ್ತಾರೆ. ದುಡ್ಡು ಉಳಿಸಲು ನಾಲ್ವರ ಬಟ್ಟೆಯನ್ನು ಒಂದೇ ಬ್ಯಾಗಿಗೆ ತುಂಬಿ ಅವನ ಹೆಸರಿನಲ್ಲಿ ಹಾಕಿದ್ದರೆ ಉಳಿದ ಮೂವರು ಉಟ್ಟ ಬಟ್ಟೆಯಲ್ಲಿ ಬ್ಯಾಂಕಾಕ್ ನೋಡಬೇಕು. ಹಾಗೇ, ಪವರ್ ಬ್ಯಾಂಕ್ ಯಾವಾಗಲೂ ಕೈಚೀಲದಲ್ಲಿ. ಮನೆಯವರು ಪ್ರೀತಿಯಿಂದ ಕಟ್ಟಿಕೊಡುವ ಕೊಬ್ಬರಿ ಬೇಡ, ವಿಮಾನದ ನಿಯಮದಲ್ಲಿ ಅದು ತಾನಾಗಿ ಹೊತ್ತಿಕೊಳ್ಳಬಹುದಾದ ಸರಕು.

ಪಾಸ್‌ಪೋರ್ಟ್ ಕಳೆದರೆ ಮೊದಲು ಪೊಲೀಸ್ ದೂರು. ಥಾಯ್ಲೆಂಡಿನಲ್ಲಿ ಟೂರಿಸ್ಟ್ ಪೊಲೀಸರ ನಂಬರು 1155, ಇಂಗ್ಲಿಷಿನಲ್ಲಿ ಮಾತಾಡಬಹುದು. ಆ ಪ್ರತಿ ಹಿಡಿದು ಭಾರತದ ರಾಯಭಾರ ಕಚೇರಿಗೆ. ಅಲ್ಲಿ ಕೊಡುವ ಎಮರ್ಜೆನ್ಸಿ ಸರ್ಟಿಫಿಕೇಟ್ ಊರಿಗೆ ಮರಳಲು ಮಾತ್ರ, ಅದನ್ನು ಹಿಡಿದು ಮಲೇಷ್ಯಾಕ್ಕೆ ಹೋಗಲಾಗದು. ಜೊತೆಗೆ ಥಾಯ್ ಇಮಿಗ್ರೇಷನ್‌ಗೆ ಹೋಗಿ ದೇಶಕ್ಕೆ ಬಂದ ದಾಖಲೆಯನ್ನು ಹೊಸ ಕಾಗದಕ್ಕೆ ಹಾಕಿಸಿಕೊಳ್ಳಬೇಕು. ಇಷ್ಟಕ್ಕೆ ಎರಡು ಮೂರು ದಿನ, ನಡುವೆ ಶನಿವಾರ ಭಾನುವಾರ ಬಂದರೆ ಇನ್ನೂ ಹೆಚ್ಚು. ಇಂಥಲ್ಲಿ ಅವನನ್ನು ಒಬ್ಬನೇ ಬಿಡಬಾರದು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಅವನ ಜೊತೆ ಯಾರು ನಿಲ್ಲುವುದು ಎಂದು ಊರಿನಲ್ಲೇ ಮಾತಾಡಿಕೊಳ್ಳಿ. ಹಾಗೆ ನಿಂತವನ ಖರ್ಚನ್ನು ನಾಲ್ವರೂ ಹಂಚಿಕೊಳ್ಳಿ. ಪಾಸ್‌ಪೋರ್ಟಿನ ಪ್ರತಿ, ನಾಲ್ಕು ಫೋಟೋ ಬೇರೆಯವನ ಬ್ಯಾಗಿನಲ್ಲಿರಲಿ, ತನ್ನದೇ ಬ್ಯಾಗಿನಲ್ಲಿದ್ದರೆ ಅದೂ ಕಳೆದಿರುತ್ತದೆ.

ಮನೆಗೆ ಹೇಳಿ. ಮುಚ್ಚಿಟ್ಟರೆ ಮೂರನೆಯವರ ಬಾಯಿಂದ ಅದು ದೊಡ್ಡದಾಗಿ ಅಮ್ಮನ ಕಿವಿಗೆ ಬೀಳುತ್ತದೆ. ಆದರೆ ಬಾಕಿಯಾದವನು ಒಂದು ಕಡೆ ಕೂತು, ನೀರು ಕುಡಿದು, ತಾನೇ ಫೋನ್ ಮಾಡಲಿ. ಬೇರೆ ಯಾರು ಮಾಡಿದರೂ ಮೊದಲು ಕೇಳುವುದು "ಅವನೆಲ್ಲಿ?" ಎಂದೇ. ಥಾಯ್ಲೆಂಡಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ, ಮಲೇಷ್ಯಾದ್ದು ಎರಡೂವರೆ ಗಂಟೆ. ಬೆಳಗ್ಗೆ ಆರಕ್ಕೆ ಥಾಯ್ಲೆಂಡಿನಿಂದ ಕರೆ ಮಾಡಿ ನಾಲ್ಕೂವರೆಗೆ ಮನೆಯವರನ್ನು ಎಬ್ಬಿಸಬೇಡಿ.