ಹೊಗೆಯಿಂದ ಹಿಡಿದ ಪಾದರಸ ಬೂದಿಗೆ ಹೋದದ್ದು ಹೇಗೆ?

ಕಸ ಸುಡುವ ಘಟಕದ ಕುಲುಮೆಯಲ್ಲಿ 850 ಡಿಗ್ರಿ ಸೆಲ್ಸಿಯಸ್‌ಗೂ ಜಾಸ್ತಿ ಶಾಖ ಇರುತ್ತದೆ. ಪಾದರಸ 357 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ ಹಳೆ ಬಟನ್ ಬ್ಯಾಟರಿ, ಟ್ಯೂಬ್‌ಲೈಟ್, ಒಡೆದ ಥರ್ಮಾಮೀಟರ್ ಒಳಗೆ ಬಿದ್ದರೆ ಅವುಗಳಲ್ಲಿನ ಪಾದರಸ ಬಹುಪಾಲು ಆವಿಯಾಗಿ ಹೊಗೆಯ ಜೊತೆ ಹೊರಡುತ್ತದೆ. ಹಿಂದೆಲ್ಲ ಅದು ಸೀದಾ ಚಿಮಣಿ ದಾಟಿ ಗಾಳಿಗೆ ಸೇರುತ್ತಿತ್ತು.

ಕಾರ್ಖಾನೆಗಳ ಕಥೆ ಇನ್ನೂ ಹಳೆಯದು. ಜಪಾನಿನ ಮಿನಮಾಟಾದಲ್ಲಿ ಚಿಸ್ಸೊ ಕಾರ್ಖಾನೆ 1932ರಿಂದ 1968ರವರೆಗೆ ಪಾದರಸ ಬೆರೆತ ನೀರನ್ನು ಕಡಲಿಗೆ ಬಿಟ್ಟಿತು. 1956ರಲ್ಲಿ ಆ ಪಾದರಸದಿಂದ ಜನರಿಗೆ ಬಂದ ರೋಗ ಬೆಳಕಿಗೆ ಬಂತು. ನೀರು ಬಿಡುವುದು ನಿಂತ ಮೇಲೂ ಕೊಲ್ಲಿಯ ತಳದ ಕೆಸರು ಅಲ್ಲೇ ಇತ್ತಲ್ಲ! 25 ಪಿಪಿಎಂಗಿಂತ (ಹತ್ತು ಲಕ್ಷ ಪಾಲಿನಲ್ಲಿ 25 ಪಾಲು) ಹೆಚ್ಚು ಪಾದರಸವಿದ್ದ ಕೆಸರನ್ನು ಎತ್ತಿ, ಕೊಲ್ಲಿಯ 58 ಹೆಕ್ಟೇರ್ ಜಾಗವನ್ನೇ ತುಂಬಿ ಮುಚ್ಚಿದರು. ಆ ಕೆಲಸ 1977ಕ್ಕೆ ಶುರುವಾಗಿ ಮುಗಿದದ್ದು 1990ಕ್ಕೆ.

ಸುಮಾರು ಅದೇ ಹೊತ್ತಿಗೆ ಚಿಮಣಿಗಳ ಮೇಲೆ ನಿಯಮ ಬಿಗಿಯಾಯಿತು. ಹೊಗೆಗೆ ಆಕ್ಟಿವೇಟೆಡ್ ಕಾರ್ಬನ್ (ಅನಿಲಗಳನ್ನು ತನ್ನ ಸಣ್ಣ ರಂಧ್ರಗಳಲ್ಲಿ ಹಿಡಿದಿಡುವ ಇದ್ದಿಲು) ಪುಡಿ ಊದುವುದು, ಪುಡಿಗೆ ಅಂಟಿದ ಪಾದರಸವನ್ನು ಬಟ್ಟೆಯ ಫಿಲ್ಟರ್‌ನಲ್ಲಿ ಹಿಡಿಯುವುದು. ಒಳ್ಳೆ ಉಪಾಯವೇ. ಆದರೆ ಹಿಡಿದದ್ದು ಮಾಯವಾಗಲಿಲ್ಲ, ಹಾರುಬೂದಿಗೆ, ಅಂದರೆ ಹೊಗೆಯಿಂದ ಸೋಸಿ ತೆಗೆದ ನಯವಾದ ಬೂದಿಗೆ, ಸೇರಿಕೊಂಡಿತು. ಪಿವಿಸಿ ಪ್ಲಾಸ್ಟಿಕ್ ಸುಟ್ಟಾಗ ಬರುವ ಕ್ಲೋರಿನ್ ಕೂಡಿದರೆ ಪಾದರಸ ಮರ್ಕ್ಯುರಿಕ್ ಕ್ಲೋರೈಡ್ ಆಗುತ್ತದೆ. ಲೋಹದ ರೂಪದ ಪಾದರಸ ಒಂದು ಲೀಟರ್ ನೀರಿನಲ್ಲಿ 0.1 ಮಿಲಿಗ್ರಾಂ ಕೂಡ ಕರಗದು. ಈ ಕ್ಲೋರೈಡ್ ಸುಮಾರು 70 ಗ್ರಾಂ ಕರಗುತ್ತದೆ! ಬೂದಿ ಗುಡ್ಡೆಯ ಮೇಲೆ ಬೀಳುವ ಮಳೆನೀರು ಯಾಕೆ ತಲೆನೋವು ಅನ್ನುವುದು ಇಷ್ಟರಲ್ಲೇ ಗೊತ್ತಾಗುತ್ತದೆ.

ಬೂದಿಯಿಂದ ಎಷ್ಟು ಬಸಿದು ಹೋಗುತ್ತದೆ ಅಂತ ಅಳೆಯಲು ಅಮೆರಿಕ 1990ರಲ್ಲಿ ಟಿಸಿಎಲ್‌ಪಿ ಪರೀಕ್ಷೆ ತಂದಿತು. ಬೂದಿಯನ್ನು ಅದರ 20 ಪಟ್ಟು ತೂಕದ ಹುಳಿ ದ್ರವದಲ್ಲಿ ಸುಮಾರು 18 ಗಂಟೆ ತಿರುಗಿಸುತ್ತಾರೆ. ಸೋಸಿದ ದ್ರವದಲ್ಲಿ ಪಾದರಸ ಲೀಟರಿಗೆ 0.2 ಮಿಲಿಗ್ರಾಂ ಮುಟ್ಟಿದರೆ ಅದು ಅಪಾಯಕಾರಿ ತ್ಯಾಜ್ಯ. ಕಸ ಸುಟ್ಟ ಬೂದಿಗೆ ಇದರಿಂದ ವಿನಾಯಿತಿ ಇಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1994ರಲ್ಲಿ ಹೇಳಿತು. ನನಗೆ ಅನಿಸುವುದು ಇಷ್ಟೇ: ಗುಂಡಿಯಲ್ಲಿ ದಶಕಗಟ್ಟಲೆ ಬಿದ್ದಿರುವ ಬೂದಿಗೆ 18 ಗಂಟೆಯ ಪರೀಕ್ಷೆ ಎಲ್ಲಿ ಸಾಕಾಗುತ್ತದೆ? ಸುಣ್ಣ ಬೆರೆತ ಬೂದಿಯ ಕ್ಷಾರ ಗುಣ ಕಾಲ ಕಳೆದಂತೆ ಇಳಿಯುತ್ತದೆ. ಆಗ ಸೋರಿಕೆಯ ಲೆಕ್ಕವೂ ಬದಲಾಗುತ್ತದೆ.

ಕಸವನ್ನು ದೂರ ಸಾಗಿಸಿದ್ದೂ ಉಂಟು. 1998ರಲ್ಲಿ ತೈವಾನ್‌ನ ಫಾರ್ಮೋಸಾ ಪ್ಲಾಸ್ಟಿಕ್ಸ್‌ನ ಸುಮಾರು 3,000 ಟನ್ ಪಾದರಸಯುಕ್ತ ತ್ಯಾಜ್ಯವನ್ನು ಕಾಂಬೋಡಿಯಾದ ಸಿಹಾನೂಕ್‌ವಿಲ್‌ ಬಳಿ ಬಯಲಿನಲ್ಲಿ ಸುರಿದಿದ್ದರು. ಬಡವರು ಅದರ ಪ್ಲಾಸ್ಟಿಕ್ ಚೀಲಗಳನ್ನು ಹೆಕ್ಕಿ ಮನೆಗೆ ಒಯ್ದರು. ಸುದ್ದಿ ಹಬ್ಬಿದಾಗ ಜನ ಊರು ಬಿಟ್ಟು ಓಡಿದರು. 1999ರಲ್ಲಿ ಎಲ್ಲವನ್ನೂ ಮತ್ತೆ ಹಡಗಿಗೆ ಹೇರಬೇಕಾಯಿತು.

ಗಂಧಕ ಸೇರಿಸಿ ಪಾದರಸವನ್ನು ನೀರಿಗೆ ಕರಗದ ಸಲ್ಫೈಡ್ ಮಾಡುವ ವಿಧಾನ ಈಗ ಇದೆ. ಪಾದರಸಕ್ಕೆ ಕಡಿವಾಣ ಹಾಕಲು 2017ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಮಿನಮಾಟಾ ಒಪ್ಪಂದದ ದೇಶಗಳು 2023ರಲ್ಲಿ ಇನ್ನೊಂದು ಹೆಜ್ಜೆ ಇಟ್ಟವು. ಪಾದರಸದಿಂದ ಕಲುಷಿತವಾದ ತ್ಯಾಜ್ಯಕ್ಕೆ ಕಿಲೋಗೆ 15 ಮಿಲಿಗ್ರಾಂ ಎಂಬ ಮಿತಿ ಹಾಕಿದವು. ಇಲ್ಲಿ ಲೆಕ್ಕ ಹಿಡಿಯುವುದು ಬಸಿದು ಬಂದದ್ದನ್ನಲ್ಲ, ಒಳಗಿರುವ ಒಟ್ಟು ಪಾದರಸವನ್ನು.