ಕಾಕರ್ ಕಿವಿಗೆ ಎಣ್ಣೆ ಹಾಕಬೇಡಿ

ಮಳೆ ಹಿಡಿದು ಹದಿನೈದು ದಿನ ಆಗಿರುವುದಿಲ್ಲ, ಶಿವಮೊಗ್ಗದ ನನ್ನ ಕ್ಲಿನಿಕ್ಕಿಗೆ ಕಾಕರ್ ಸ್ಪ್ಯಾನಿಯಲ್ ನಾಯಿಗಳು ಬರಲು ಶುರುವಾಗುತ್ತವೆ. ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯಿಂದ, ಕಾರಿನ ಹಿಂದಿನ ಸೀಟಿನಲ್ಲಿ, ತಲೆ ಒಂದು ಕಡೆ ವಾಲಿಸಿಕೊಂಡು. ಬಾಗಿಲು ತೆಗೆದರೆ ಸಾಕು, ವಾಸನೆ ಬರುತ್ತದೆ. ಮೂರು ದಿನ ಹಗ್ಗದ ಮೇಲಿದ್ದೂ ಒಣಗದ ಬಟ್ಟೆಯ ವಾಸನೆ, ಜೊತೆಗೆ ಒಂಥರಾ ಹುಳಿ. ಬೆಳ್ಳುಳ್ಳಿ ವಾಸನೆಯೂ ಬೆರೆತಿದ್ದರೆ ನಾನು ಏನೂ ಕೇಳಬೇಕಾಗಿಲ್ಲ. ಮನೆಯಲ್ಲಿ ಎಣ್ಣೆ ಕಾಯಿಸಿ ಕಿವಿಗೆ ಬಿಟ್ಟಿದ್ದಾರೆ.

ಕಳೆದ ಮಳೆಗಾಲದಲ್ಲಿ ಬಂಟಿಯನ್ನು ಕರೆತಂದ ಅಮ್ಮನೂ ಅದನ್ನೇ ಮಾಡಿದ್ದರು. "ನಮ್ಮನೆ ಮಕ್ಕಳಿಗೆಲ್ಲ ಇದನ್ನೇ ಹಾಕಿದ್ದು ಡಾಕ್ಟ್ರೇ" ಎಂದರು. ಅವರ ಪ್ರೀತಿಯಲ್ಲಿ ಏನೂ ಕೊರತೆ ಇರಲಿಲ್ಲ. ಬಂಟಿಗೆ ಐದು ವರ್ಷ, ಬಂಗಾರದ ಬಣ್ಣ. ಎಡಗಿವಿಯ ಹಾಲೆ ಬನ್ನಿನ ಹಾಗೆ ಊದಿತ್ತು. ಒಳಗಿನ ತುರಿಕೆಗೆ ತಲೆ ಒದರಿ ಒದರಿ, ಹಾಲೆಯ ಸಣ್ಣ ರಕ್ತನಾಳ ಒಡೆದು ರಕ್ತ ತುಂಬಿಕೊಂಡಿತ್ತು. ಮುಟ್ಟಿದರೆ ಬೆಚ್ಚಗೆ, ನೀರು ತುಂಬಿದ ಬಲೂನಿನ ಹಾಗೆ. ಆಗಲೂ ನನ್ನನ್ನು ನೋಡಿ ಬಾಲ ಆಡಿಸಿತು. ಈ ನಾಯಿಗಳೇ ಹಾಗೆ, ನೋವಿದ್ದರೂ ಬಾಲ ನಿಲ್ಲುವುದಿಲ್ಲ. ಮನೆಯವರಿಗೆ ಕಾಯಿಲೆ ತಡವಾಗಿ ಗೊತ್ತಾಗುವುದು ಅದರಿಂದಲೇ.

ನನ್ನ ಮೇಜಿನ ಮೇಲೆ ಪಿವಿಸಿ ಪೈಪಿನ ಒಂದು ಎಲ್ಬೋ, ಅಂದರೆ ಮೂಲೆ ತಿರುಗಿಸುವ ತುಂಡು, ಇಟ್ಟುಕೊಂಡಿದ್ದೇನೆ. ಅದನ್ನು ತೋರಿಸಿದರೆ ಜನರಿಗೆ ಬೇಗ ಅರ್ಥವಾಗುತ್ತದೆ. ನಾಯಿಯ ಕಿವಿ ನಮ್ಮ ಕಿವಿಯ ಹಾಗಲ್ಲ. ನಾಳ ಮೊದಲು ನೇರ ಕೆಳಗೆ ಇಳಿಯುತ್ತದೆ, ಆಮೇಲೆ ಮೂಲೆ ತಿರುಗಿ ಒಳಕ್ಕೆ ಹೋಗುತ್ತದೆ. ಕಿವಿಯ ತಮಟೆ ಇರುವುದು ಆ ತುದಿಯಲ್ಲಿ. ಮೇಲಿಂದ ಬಿಟ್ಟ ಎಣ್ಣೆ ಆ ಮೂಲೆಯಲ್ಲೇ ನಿಲ್ಲುತ್ತದೆ. ಎಲ್ಲಾ ನಾಯಿಗೂ ಹೀಗೇ. ಆದರೆ ಕಿವಿ ನೆಟ್ಟಗಿದ್ದರೆ ಗಾಳಿ ಆಡುತ್ತದೆ. ಕಾಕರ್‌ಗೆ ಮೇಲೆ ದಪ್ಪ ಹಾಲೆಯ ಮುಚ್ಚಳ, ಒಳಗೆ ಕೂದಲು, ಗುಗ್ಗೆ ಸುರಿಸುವ ಗ್ರಂಥಿಗಳೂ ಬೇರೆ ನಾಯಿಗಳಿಗಿಂತ ಜಾಸ್ತಿ. ಅಲ್ಲಿ ಒಂದು ಬಗೆಯ ಯೀಸ್ಟ್ ಯಾವಾಗಲೂ ಸ್ವಲ್ಪ ಇದ್ದೇ ಇರುತ್ತದೆ. ಅದಕ್ಕೆ ಬೇಕಾದ್ದು ತೇವ ಮತ್ತು ಜಿಡ್ಡು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ತೇವ ನಮ್ಮ ಮಲೆನಾಡೇ ಕೊಡುತ್ತದೆ. ಜಿಡ್ಡನ್ನು ನಾವು ಬಾಟಲಿಯಿಂದ ಹಾಕುತ್ತೇವೆ.

ಇನ್ನೊಂದು ಅಪಾಯವೂ ಇದೆ. ಹಳೇ ಸೋಂಕಿನಲ್ಲಿ ತಮಟೆ ಹರಿದಿರಬಹುದು. ಆಗ ಹಾಕಿದ್ದು ಒಳಗಿವಿಗೂ ಇಳಿಯಬಹುದು. ನಾಯಿಗೆ ಸಮತೋಲನ ತಪ್ಪಬಹುದು, ಕೇಳಿಸದೆಯೂ ಹೋಗಬಹುದು. ಎಲ್ಲಾ ನಾಯಿಗೂ ಹೀಗಾಗುತ್ತದೆ ಎಂದಲ್ಲ. ಆದರೆ ಟಾರ್ಚ್ ಇರುವ ಉಪಕರಣದಿಂದ ಒಳಗೆ ನೋಡದೆ ತಮಟೆ ಹೇಗಿದೆ ಎಂದು ಯಾರೂ ಹೇಳಲಾರರು. ಹೋದ ವರ್ಷ ಉಳಿದ ಡ್ರಾಪ್ಸಿಗೂ ಇದೇ ಮಾತು. ದಯವಿಟ್ಟು ನೋಡಿಸದೆ ಏನನ್ನೂ ಹಾಕಬೇಡಿ.

ಹಾಗಂತ ನಾಯಿಯನ್ನು ಕಟ್ಟಿಹಾಕಲೂ ಬೇಡಿ. ಇಂಗ್ಲೆಂಡಿನಲ್ಲಿ ವುಡ್‌ಕಾಕ್ ಎಂಬ ಹಕ್ಕಿಯನ್ನು ಪೊದೆಯಿಂದ ಎಬ್ಬಿಸಲು ಸಾಕಿದ ನಾಯಿ ಇದು, ಹೆಸರು ಬಂದದ್ದೂ ಆ ಹಕ್ಕಿಯಿಂದಲೇ. ತೋಟದಂಚಿನಲ್ಲಿ ಕಾಡುಕೋಳಿ ಕೂಗಿದರೆ ಅದು ಕೂರುವುದಿಲ್ಲ. ಬಸಿಗಾಲುವೆಗೂ ಇಳಿಯುತ್ತದೆ. ಇಳಿಯಲಿ. ಓಡಾಟವಿಲ್ಲದ ಕಾಕರ್ ಬೇಗ ದಪ್ಪಗಾಗುತ್ತದೆ, ಬೇಜಾರಿಗೆ ಕಾಲು ನೆಕ್ಕುತ್ತಾ ಕೂರುತ್ತದೆ. ಮನೆಗೆ ಬಂದ ಮೇಲೆ ಮೈಗೆ ಕಚ್ಚಿದ ಉಣ್ಣೆ, ಇಂಬಳ ನೋಡುವುದು ನಿಮಗೆ ಗೊತ್ತೇ ಇದೆ. ಕಿವಿಯನ್ನೂ ನೋಡಿ. ಬಚ್ಚಲೊಲೆ ಮುಂದೆ ಮಲಗಿಸಿದರೆ ಹೊರಗಿನ ಕೂದಲಷ್ಟೇ ಒಣಗುವುದು. ಹಾಲೆಯನ್ನು ತಲೆಯ ಮೇಲಕ್ಕೆ ಮಗುಚಿ, ಒಣ ಹತ್ತಿ ಬಟ್ಟೆಯಲ್ಲಿ ಬೆರಳು ಹೋಗುವಷ್ಟು ಮಾತ್ರ ಒರೆಸಿ. ಬಡ್ಸ್ ಬೇಡ, ಅದು ಗುಗ್ಗೆಯನ್ನು ಮೂಲೆಗೆ ತಳ್ಳುತ್ತದೆ. ಹಾಲೆಯ ಒಳಬದಿಯ ಕೂದಲನ್ನು ಟ್ರಿಮ್ಮರಿನಿಂದ ಗಿಡ್ಡ ಮಾಡಿಸಿದರೆ ಗಾಳಿ ಆಡುತ್ತದೆ.

ವರ್ಷಕ್ಕೆ ನಾಲ್ಕು ಸಲ ಕಿವಿ ಕೆಡುತ್ತಿದ್ದರೆ ಮೂಲ ಬೇರೆಲ್ಲೋ ಇರಬಹುದು. ಚರ್ಮದ ಅಲರ್ಜಿ ಇರಬಹುದು, ಊಟದ್ದೂ ಇರಬಹುದು. ಅದನ್ನು ಹುಡುಕಲು ತಿಂಗಳುಗಳೇ ಬೇಕು. ಹುಡುಕದೆ ಬಿಟ್ಟರೆ ನಾಳ ದಪ್ಪಗಾಗಿ ಮೂಳೆಯ ಹಾಗೆ ಗಟ್ಟಿಯಾಗಬಹುದು. ಆಮೇಲೆ ಇಡೀ ನಾಳವನ್ನೇ ಆಪರೇಷನ್ ಮಾಡಿ ತೆಗೆಯಬೇಕಾಗಬಹುದು. ಅಂಥ ಕಿವಿಗಳನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಬಂಟಿಯ ಹಾಲೆಯ ರಕ್ತ ತೆಗೆದು ಹೊಲಿಗೆ ಹಾಕಿದೆವು. ತಮಟೆ ಹರಿದಿರಲಿಲ್ಲ. ಮೂರು ವಾರ ಡ್ರಾಪ್ಸ್. ಮೂರನೇ ದಿನಕ್ಕೆ ವಾಸನೆ ಹೋದರೂ ನಿಲ್ಲಿಸಬೇಡಿ ಎಂದು ಚೀಟಿಯ ಮೇಲೆ ದೊಡ್ಡದಾಗಿ ಬರೆದುಕೊಟ್ಟೆ. ಅಮ್ಮ ಒಂದು ದಿನವೂ ತಪ್ಪಿಸಲಿಲ್ಲ. ಕೊನೆಯ ಸಲ ಬಂದಾಗ ಮೊಮ್ಮಗನ ಹಳೇ ಸಾಕ್ಸ್ ತಂದಿದ್ದರು. ತುದಿ ಕತ್ತರಿಸಿ ಬಂಟಿಯ ತಲೆಗೆ ತೊಡಿಸಿ, ಎರಡೂ ಕಿವಿ ಹಿಂದಕ್ಕೆ ಸೇರಿಸಿ ತೋರಿಸಿದರು. "ಊಟ ಮಾಡೋವಾಗ ಹೀಗೆ ಹಾಕ್ತೀನಿ, ಕಿವಿ ಅನ್ನಕ್ಕೆ ಬೀಳಲ್ಲ." ಅಲ್ಲಿಂದೀಚೆಗೆ ಎಲ್ಲರಿಗೂ ನಾನು ಅದನ್ನೇ ಹೇಳಿಕೊಡುತ್ತಿದ್ದೇನೆ.