ಬಾಯಿಪಾಠ ಮಾಡಿಸಲು ಬಿ.ಎಡ್. ಏಕೆ?

ಪ್ರಶ್ನೆ: ಸಮಾಜ ವಿಜ್ಞಾನವೆಂದರೆ ಇಸವಿ, ಹೆಸರು ನೆನಪಿಟ್ಟುಕೊಳ್ಳುವುದು. ಬಿ.ಎ. ಮುಗಿಸಿದ ನನ್ನ ಮಗಳು ಅದನ್ನು ಕಲಿಸಲು ಇನ್ನೂ ಎರಡು ವರ್ಷ ಓದಬೇಕೇ?

ಓದಬೇಕು. ಪ್ರವೇಶದ ಕಾಲ ಬಂತೆಂದರೆ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಎಲ್ಲಿ ಹೋದರೂ ನನಗೆ ಇದೇ ಪ್ರಶ್ನೆ. ನಿಯಮದ ಮಾತು ಮೊದಲೇ ಮುಗಿಸುತ್ತೇನೆ: 2015ರಿಂದ ಬಿ.ಎಡ್. ಎರಡು ವರ್ಷದ್ದಾಗಿದೆ, ಅದರಲ್ಲಿ 20 ವಾರ ಶಾಲೆಯಲ್ಲೇ ಕಳೆಯಬೇಕು. 6ರಿಂದ 8ನೇ ತರಗತಿಯ ಶಿಕ್ಷಕರಾಗಲು ಶಿಕ್ಷಕರ ಅರ್ಹತಾ ಪರೀಕ್ಷೆಯೂ (ಟಿಇಟಿ) ಪಾಸಾಗಬೇಕು.

ಇನ್ನು ಬಾಯಿಪಾಠದ ವಿಚಾರ. ಈ ನಂಬಿಕೆ ಮಳೆಗಾಲದ ಜಿಗಣೆಗಿಂತ ಗಟ್ಟಿ, ಉಪ್ಪು ಹಾಕಿದರೂ ಬಿಡುವುದಿಲ್ಲ. ನಮ್ಮ ಬಿ.ಎಡ್. ವಿದ್ಯಾರ್ಥಿಗಳೇ ಅದನ್ನು ಹೊತ್ತು ತರುತ್ತಾರೆ. ಮೊದಲ ಅಭ್ಯಾಸ ಪಾಠದಲ್ಲಿ ಹಲಗೆಯ ಮೇಲೆ ‘1834: ಕೊಡಗು ಬ್ರಿಟಿಷರ ವಶ’ ಎಂದು ಬರೆದು, ‘ಯಾವಾಗ?’ ಎನ್ನುತ್ತಾರೆ. ತರಗತಿ ಒಕ್ಕೊರಲಿನಿಂದ ‘1834’ ಎನ್ನುತ್ತದೆ. ಪಾಠ ಮುಗಿಯಿತು, ಗಂಟೆ ಹೊಡೆಯಲು ಇನ್ನೂ ಅರ್ಧ ತಾಸು ಇದೆ. ಆಗ ಹಿಂದಿನ ಬೆಂಚಿನಲ್ಲಿ ಕುಳಿತ ನನ್ನ ಕಡೆ ನೋಡುತ್ತಾರೆ.

ಹಾಗಾದರೆ ಪಾಠ ಎಲ್ಲಿದೆ? ಕೊಡಗಿನ ಜನರ ಒಮ್ಮತದ ಬಯಕೆಯಂತೆ ಕಂಪನಿ ಈ ನಾಡನ್ನು ವಹಿಸಿಕೊಳ್ಳುತ್ತಿದೆ ಎಂದು ಬ್ರಿಟಿಷ್ ಅಧಿಕಾರಿ ಕರ್ನಲ್ ಫ್ರೇಸರ್ 1834ರಲ್ಲಿ ಘೋಷಣೆ ಹೊರಡಿಸಿದ. ಮೂರೇ ವರ್ಷಕ್ಕೆ, ಮೊದಲು ಕೊಡಗಿಗೇ ಸೇರಿದ್ದ ಅಮರಸುಳ್ಯದ ರೈತರು ದಂಗೆಯೆದ್ದು ಮಂಗಳೂರಿನವರೆಗೆ ಹೋದರು. ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಲಾಯಿತು. ಇವೆರಡನ್ನೂ ಅಕ್ಕಪಕ್ಕ ಇಟ್ಟು ಮಕ್ಕಳನ್ನು ಕೇಳಬೇಕು: ಒಮ್ಮತ ಯಾರದ್ದು? ಹಾಗೆಂದು ಬರೆದವರು ಯಾರು? ಧಾನ್ಯದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಿನಲ್ಲೇ ಕಟ್ಟಿ ಎಂದು ಬ್ರಿಟಿಷರು ಹೇಳಿದರೆ ರೈತ ನಗದನ್ನು ಎಲ್ಲಿಂದ ತರಬೇಕು? ಇತಿಹಾಸದ ಪಿರಿಯಡ್ಡಿಗೆ ಅರ್ಥಶಾಸ್ತ್ರ ಬರುವುದು ಹೀಗೆ. ಕೆಲವು ದಿವಾನರು ಬ್ರಿಟಿಷರ ಪರ ನಿಂತಿದ್ದರು ಎಂಬುದೂ ನಿಜ. ಎರಡೂ ಕಡೆಯ ಮನೆತನಗಳ ಮಕ್ಕಳು ಇಂದು ಒಂದೇ ಬೆಂಚಿನಲ್ಲಿ ಕುಳಿತಿರಬಹುದು. ಯಾರ ತಲೆಯನ್ನೂ ತಗ್ಗಿಸದೆ, ನಡೆದದ್ದನ್ನೂ ನುಂಗದೆ ಈ ಮಾತಾಡುವುದನ್ನು ಯಾವ ಗೈಡೂ ಕಲಿಸುವುದಿಲ್ಲ. ನಮ್ಮವರು ಮೂರ್ನಾಲ್ಕು ಸಲ ತಡವರಿಸಿ, ಆಮೇಲೆ ಕಲಿಯುತ್ತಾರೆ, ಚೆನ್ನಾಗಿಯೇ ಕಲಿಯುತ್ತಾರೆ.

ಮಗಳು ಇತಿಹಾಸ ಓದಿದ್ದರೂ ಹೈಸ್ಕೂಲಿನ ಪುಸ್ತಕದಲ್ಲಿ ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಕಾದಿವೆ.

ಭೂಗೋಳದ ಬಗ್ಗೆ ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ನಮ್ಮ ಎಷ್ಟೋ ಕಾಫಿ ತೋಟದ ಮನೆಗಳಲ್ಲಿ ಮಳೆಮಾಪಕವಿದೆ, ಇಂಚು, ಸೆಂಟಿನ (ಇಂಚಿನ ನೂರನೇ ಒಂದು ಭಾಗ) ಲೆಕ್ಕ ಬರೆದ ಡೈರಿಯಿದೆ. ಹೀಗಿದ್ದೂ ಮಳೆಯ ಪಾಠ ದೂರದ ಮೇಘಾಲಯದ ಮೌಸಿನ್‌ರಾಮ್‌ನಿಂದಲೇ ಶುರುವಾಗುವುದೇಕೆ? ಭಾಗಮಂಡಲ ಕಡೆಯ ಒಂದು ಡೈರಿ, ಕುಶಾಲನಗರ ಕಡೆಯ ಒಂದು ಡೈರಿ ತರಿಸಿ, ಜುಲೈ ತಿಂಗಳ ಮಳೆಯನ್ನು ಮಕ್ಕಳಿಂದಲೇ ಕೂಡಿಸಿ. ಬೆಟ್ಟದ ಆಚೆ ಬದಿಗೆ ಮಳೆ ಕಡಿಮೆಯಾಗುವ ಮಳೆನೆರಳು ಎಂದರೇನು ಎಂದು ಮತ್ತೆ ವಿವರಿಸಬೇಕಾಗಿಲ್ಲ. ಇಂಚನ್ನು 25.4ರಿಂದ ಗುಣಿಸಿದರೆ ಪುಸ್ತಕದ ಮಿಲಿಮೀಟರ್ ಸಿಗುತ್ತದೆ. ಡೈರಿಯನ್ನು ಮಾತ್ರ ಅದೇ ಸಂಜೆ ಹಿಂದಿರುಗಿಸಿ. ಆ ದಿನದ ಮಳೆ ಬರೆಯಲು ಮನೆಯಲ್ಲಿ ಅಜ್ಜ ಕಾಯುತ್ತಿರುತ್ತಾರೆ.